ಚಾರ್ಜ್ ತಗೊಳ್ಳೋ ಮೊದಲು

1991ರ ಜೂನ್‌ನಲ್ಲಿ ನಮ್ಮಪ್ಪ ಹೆಡ್‌ಮಾಸ್ಟರ್ ಆದರು. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಹಳೆಯ ಹೆಡ್‌ಮಾಸ್ಟರು ಹೋಗುವ ದಿನ ಒಂದು ಹಾಳೆಯಲ್ಲಿ ಚಾರ್ಜ್ ಪಟ್ಟಿ ಬರೆದು ಕೊಟ್ಟರು. ಬೀರು ಒಂದು, ಬೀಗದ ಕೈ ಎರಡು, ದಾಖಲಾತಿ ರಿಜಿಸ್ಟರು, ಕ್ಯಾಶ್ ಬುಕ್ಕು, ಗ್ಲೋಬು, ಕಬ್ಬಿಣದ ಗಂಟೆ, ಗೋಡೆ ಗಡಿಯಾರ (ನಡೆಯುತ್ತಿಲ್ಲ). ಅಪ್ಪ ಒಂದೊಂದನ್ನೂ ಎಣಿಸಿ ನೋಡಿ ಸಹಿ ಹಾಕಿದರು. ಅಷ್ಟೇ. ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಮೇಲಕ್ಕೆ ಬಂದಿತ್ತು, ಬಡ್ತಿ ಆಯಿತು. ಮಾರನೇ ದಿನದಿಂದ ಅವರೇ ಹೆಡ್‌ಮಾಸ್ಟರು.

ಹಾಗಾಗಿ 2021ರ ಕೊನೆಯಲ್ಲಿ ನಾನು ವಿಡಿಯೋ ಕಾಲ್‌ನಲ್ಲಿ, "ಅಪ್ಪಾ, ಪ್ರಿನ್ಸಿಪಾಲ್ ಆಗೋಕೆ ಎಂ.ಎಡ್ ಸೇರ್ತಿದೀನಿ, ಆನ್‌ಲೈನ್‌ನಲ್ಲಿ" ಅಂದಾಗ ಅವರಿಗೆ ಅರ್ಥವೇ ಆಗಲಿಲ್ಲ.

"ಅದಕ್ಕೂ ಓದಬೇಕೇನಮ್ಮ?"

ಟೆಕ್ಸಸ್‌ನಲ್ಲಿ ಓದಬೇಕು. ನಾನಿರುವುದು ಡಾಲಸ್ ಪಕ್ಕದ ಒಂದು ಊರಲ್ಲಿ. ಮೈಸೂರಿನಲ್ಲಿ ಬಿಎಸ್ಸಿ, ಬಿ.ಎಡ್ ಮಾಡಿ, ಮದುವೆಯಾಗಿ ಎಚ್-4 ವೀಸಾದಲ್ಲಿ, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಹೆಂಡತಿ-ಮಕ್ಕಳಿಗೆ ಕೊಡುವ ವೀಸಾದಲ್ಲಿ, ಬಂದವಳು. ಆಗ ಆ ವೀಸಾದವರು ಕೆಲಸ ಮಾಡುವ ಹಾಗಿರಲಿಲ್ಲ. 2015ರಲ್ಲಿ ನಮ್ಮಂಥ ಕೆಲವರಿಗೆ ಕೆಲಸದ ಅನುಮತಿ ಕೊಡಲು ಶುರು ಮಾಡಿದರು. ಡಿಗ್ರಿಗಳನ್ನು ಇಲ್ಲಿನ ಲೆಕ್ಕಕ್ಕೆ ತೂಗಿಸಿ, ಪರೀಕ್ಷೆ ಬರೆದು, 2016ರ ಆಗಸ್ಟ್‌ನಲ್ಲಿ ಮಿಡ್ಲ್ ಸ್ಕೂಲಿನ ಗಣಿತದ ಟೀಚರ್ ಆದೆ. ಅಂದರೆ ಆರು, ಏಳು, ಎಂಟನೇ ತರಗತಿ.

ಇಲ್ಲಿ ಪ್ರಿನ್ಸಿಪಾಲ್ ಸರ್ಟಿಫಿಕೇಟ್‌ಗೆ ಏನೇನು ಬೇಕು ಅಂತ ಅಪ್ಪನಿಗೆ ಬೆರಳು ಮಡಚಿ ಹೇಳಿದೆ. ಮಾಸ್ಟರ್ಸ್ ಡಿಗ್ರಿ. ಟೀಚರ್ ಸರ್ಟಿಫಿಕೇಟ್, ಅದರ ಜೊತೆ ಕನಿಷ್ಠ ಎರಡು ವರ್ಷ ಪಾಠ ಮಾಡಿದ ಅನುಭವ. ರಾಜ್ಯ ಒಪ್ಪಿದ ಪ್ರಿನ್ಸಿಪಾಲ್ ತರಬೇತಿ. ಅದರಲ್ಲೇ 160 ಗಂಟೆ ಶಾಲೆಯಲ್ಲಿ ನಿಂತು ಮಾಡುವ ಪ್ರಾಕ್ಟಿಕಮ್. ಆಮೇಲೆ ಎರಡು ಪರೀಕ್ಷೆ. ಅವುಗಳನ್ನು ಎಲ್ಲರೂ ನಂಬರಿನಿಂದಲೇ ಕರೆಯುವುದು, 268 ಮತ್ತು 368. ಇಷ್ಟೆಲ್ಲ ಮುಗಿಸಿದರೂ ಸಿಗುವುದು ಒಂದು ಕಾಗದ. ಕೆಲಸ ಬೇರೆ ಹುಡುಕಬೇಕು, ಅದೂ ಮೊದಲಿಗೆ ಅಸಿಸ್ಟೆಂಟ್ ಪ್ರಿನ್ಸಿಪಾಲ್ ಕೆಲಸ.

"ನಮ್ಮ ಕಾಲದಲ್ಲಿ ಎಣಿಸಿ ಸಹಿ ಹಾಕಿದ್ರೆ ಆಗೋಗ್ತಿತ್ತು" ಅಂದರು.

ಆನ್‌ಲೈನ್ ಯಾಕೆ ಅಂದರೆ, ಬೇರೆ ದಾರಿ ಇರಲಿಲ್ಲ. ಹಗಲು ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು. ಸಂಜೆ ಕ್ಲಾಸಿಗೆ ಯೂನಿವರ್ಸಿಟಿಗೆ ಹೋಗಿ ಬರಲು ಡಾಲಸ್ ಟ್ರಾಫಿಕ್‌ನಲ್ಲಿ ಎರಡು ಗಂಟೆ ಬೇಕು. ಟೀಚರುಗಳಿಗೆ ಅಂತಲೇ ಮಾಡಿದ ಆನ್‌ಲೈನ್ ಕೋರ್ಸುಗಳು ಟೆಕ್ಸಸ್‌ನಲ್ಲಿ ಬೇಕಾದಷ್ಟಿವೆ. ನಾನು ಸೇರಿದ್ದರಲ್ಲಿ ಹತ್ತು ವಿಷಯ, ಒಂದೊಂದೂ ಏಳು ವಾರ. ಒಂದು ಮುಗಿದ ಸೋಮವಾರವೇ ಇನ್ನೊಂದು ಶುರು. ಒಟ್ಟು ಖರ್ಚು ಹನ್ನೊಂದು ಸಾವಿರ ಡಾಲರ್ ಹತ್ತಿರ ಬಂತು. ನನ್ನ ಗಂಡ ಲೆಕ್ಕ ಹಾಕಿ, "ಅಸಿಸ್ಟೆಂಟ್ ಪ್ರಿನ್ಸಿಪಾಲ್ ಆದ್ರೆ ಒಂದು ವರ್ಷದಲ್ಲಿ ವಾಪಸ್ ಬರುತ್ತೆ, ಆಗ್ದಿದ್ರೆ ಮರೆತುಬಿಡೋಣ" ಅಂದರು. ಆ ಧೈರ್ಯ ಸಾಕಾಯಿತು.

2022ರ ಜನವರಿಯಲ್ಲಿ ಶುರುವಾಯಿತು. ರಾತ್ರಿ ಒಂಬತ್ತಕ್ಕೆ ಊಟದ ಟೇಬಲ್ ಒರೆಸಿ ಅಲ್ಲೇ ಲ್ಯಾಪ್‌ಟಾಪ್ ಇಡುತ್ತಿದ್ದೆ. ಬುಧವಾರ ರಾತ್ರಿಯೊಳಗೆ ಕೋರ್ಸಿನ ಚರ್ಚೆಯ ಪುಟದಲ್ಲಿ ಒಂದು ಪೋಸ್ಟ್ ಬರೆಯಬೇಕು. ಭಾನುವಾರ ರಾತ್ರಿ 11:59ರೊಳಗೆ ಬೇರೆಯವರ ಪೋಸ್ಟಿಗೆ ಎರಡು ಉತ್ತರ ಬರೆಯಬೇಕು. ನಿಜ ಹೇಳಬೇಕೆಂದರೆ ಈ ಉತ್ತರಗಳ ಮುಕ್ಕಾಲು ಭಾಗ ಸುಮ್ನೆ. "ನೀವು ಹೇಳಿದ್ದು ತುಂಬ ಚೆನ್ನಾಗಿದೆ, ನಮ್ಮ ಶಾಲೆಯಲ್ಲೂ ಹೀಗೇ" ಅಂತ ಎಲ್ಲರೂ ಎಲ್ಲರಿಗೂ ಬರೆಯುವುದು. ಸತ್ಯನಾರಾಯಣ ಪೂಜೆಗೆ ಹೋದವರು ಪ್ರಸಾದ ಚೆನ್ನಾಗಿದೆ ಅಂದ ಹಾಗೆ.

ಆದರೆ ಅದೇ ಜಾಗದಲ್ಲಿ ಒಳ್ಳೆಯದೂ ಸಿಗುತ್ತಿತ್ತು. ನಮ್ಮ ಗುಂಪಿನಲ್ಲಿ ಇಬ್ಬರು ಫುಟ್‌ಬಾಲ್ ಕೋಚ್‌ಗಳಿದ್ದರು. ಟೆಕ್ಸಸ್‌ನಲ್ಲಿ ಕೋಚ್ ಆಗಿದ್ದವರು ಪ್ರಿನ್ಸಿಪಾಲ್ ಆಗುವುದು ತೀರಾ ಮಾಮೂಲು. ಮೊದಲು ನನಗೆ ಇದು ನಗು ತರುತ್ತಿತ್ತು. ಆಮೇಲೆ ಒಬ್ಬರು ಬರೆದದ್ದು ಓದಿದೆ: ಪ್ರತಿ ಸೋಮವಾರ ಹುಡುಗರ ಜೊತೆ ಕೂತು ಶುಕ್ರವಾರದ ಆಟದ ವಿಡಿಯೋ ನೋಡುತ್ತೇವೆ, ಯಾರನ್ನೂ ಬಯ್ಯುವುದಿಲ್ಲ, ಒಂದು ಸಲಕ್ಕೆ ಒಂದೇ ತಪ್ಪು ತೋರಿಸುತ್ತೇವೆ ಅಂತ. ಆಗ ಇದನ್ನು ಓದಿ ಮುಂದೆ ಹೋದೆ. ಒಂದು ವರ್ಷದ ಮೇಲೆ ಆ ಸಾಲು ಮತ್ತೆ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಹತ್ತು ವಿಷಯಗಳಲ್ಲಿ ನನಗೆ ಹಿಡಿಸಿದ್ದು ಎರಡು. ಶಾಲಾ ಕಾನೂನು ಮತ್ತು ಶಾಲಾ ಹಣಕಾಸು. ಉಳಿದವು ಬಿ.ಎಡ್‌ನಲ್ಲಿ ಓದಿದ್ದನ್ನೇ ಇಂಗ್ಲಿಷಿನಲ್ಲಿ ಇನ್ನೊಂದು ಸಲ ಓದಿದ ಹಾಗಿತ್ತು.

ಕಾನೂನಿನ ಕ್ಲಾಸಿನಲ್ಲಿ ಮೊದಲ ವಾರವೇ ಒಂದು ಬ್ಯಾಗಿನ ಕಥೆ ಬಂತು. 1980ರಲ್ಲಿ ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕರ ಹುಡುಗಿ ಶೌಚಾಲಯದಲ್ಲಿ ಸಿಗರೇಟ್ ಸೇದಿ ಸಿಕ್ಕಿಬಿದ್ದಳು. ಇಲ್ಲ ಅಂತ ವಾದಿಸಿದಳು. ವೈಸ್ ಪ್ರಿನ್ಸಿಪಾಲ್ ಅವಳ ಬ್ಯಾಗ್ ತೆಗೆಸಿ ನೋಡಿದರು. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1985ರಲ್ಲಿ ತೀರ್ಪು ಬಂತು. ಪೊಲೀಸರಿಗೆ ಬೇಕಾದಷ್ಟು ಬಲವಾದ ಆಧಾರ ಶಾಲೆಯವರಿಗೆ ಬೇಡ, ಆದರೆ ಅನುಮಾನಕ್ಕೆ ಒಂದು ನ್ಯಾಯವಾದ ಕಾರಣ ಇರಲೇಬೇಕು ಅಂತ. ನಾನು ಇದನ್ನು ಅಪ್ಪನಿಗೆ ಹೇಳಿದೆ. ಅವರು ಬೀಡಿ ಸೇದಿದ ಹುಡುಗರನ್ನು ಹಿಡಿದದ್ದು ಎಷ್ಟು ಸಲವೋ. "ಜೇಬು ತೋರಿಸೋ" ಅಂದರೆ ಮುಗಿಯಿತು. ಅದಕ್ಕೆ ಕಾರಣ ಬೇಕು ಅಂತ ಅವರಿಗೂ ಹೊಳೆದಿರಲಿಲ್ಲ, ಹುಡುಗರಿಗೂ ಹೊಳೆದಿರಲಿಲ್ಲ.

ಇನ್ನೊಂದು ಕೇಸು ನಮ್ಮ ರಾಜ್ಯದ್ದೇ. 1975ರಲ್ಲಿ ಟೆಕ್ಸಸ್ ಒಂದು ಕಾನೂನು ಮಾಡಿತು. ಕಾಗದಪತ್ರ ಇಲ್ಲದೆ ದೇಶಕ್ಕೆ ಬಂದ ಮಕ್ಕಳ ಶಾಲೆಗೆ ಹಣ ಕೊಡುವುದಿಲ್ಲ, ಶಾಲಾ ಜಿಲ್ಲೆಯವರು (ಇಲ್ಲಿ ಒಂದೊಂದು ಪ್ರದೇಶದ ಶಾಲೆಗಳನ್ನು ನಡೆಸುವವರು) ಬೇಕಾದರೆ ಅಂಥ ಮಕ್ಕಳನ್ನು ಸೇರಿಸಿಕೊಳ್ಳದೆ ಇರಬಹುದು ಅಂತ. ಟೈಲರ್ ಎಂಬ ಊರಿನ ಶಾಲೆಗಳು ಅಂಥ ಒಂದು ಮಗುವಿಗೆ ವರ್ಷಕ್ಕೆ ಸಾವಿರ ಡಾಲರ್ ಕೇಳಿದವು. 1982ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತದಲ್ಲಿ ಅದನ್ನು ತಳ್ಳಿಹಾಕಿತು. ಟೈಲರ್ ನಮ್ಮ ಊರಿಂದ ಎರಡು ಗಂಟೆ ದಾರಿ. ಪೆಟ್ರೋಲ್ ಹಾಕಿಸಲು ಎಷ್ಟೋ ಸಲ ನಿಂತಿದ್ದೇನೆ. ಓದುವಾಗ ನನ್ನ ಮಗಳನ್ನು ಶಾಲೆಗೆ ಸೇರಿಸಿದ ದಿನ ನೆನಪಾಯಿತು. ಪಾಸ್‌ಪೋರ್ಟು, ವೀಸಾ, ಎಲ್ಲದರ ಜೆರಾಕ್ಸ್ ಫೈಲ್ ಹಿಡಿದುಕೊಂಡು ಹೋಗಿದ್ದೆ. ಆಫೀಸಿನಾಕೆ ಕರೆಂಟ್ ಬಿಲ್ಲು ಮತ್ತು ಲಸಿಕೆ ಕಾರ್ಡು ಮಾತ್ರ ಕೇಳಿದರು. "ವೀಸಾ ತೋರಿಸಲೇ?" ಅಂದರೆ, "ಬೇಡ, ಅದು ನಮಗೆ ಬೇಕಿಲ್ಲ" ಅಂದರು. ಒಳ್ಳೆಯ ಹೆಂಗಸು ಅಂದುಕೊಂಡಿದ್ದೆ. ಅವರು ಕೇಳದೆ ಇದ್ದುದಕ್ಕೆ ಹಿಂದೆ ಇಂಥ ಒಂದು ತೀರ್ಪು ಇದೆ ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ.

ಹಣಕಾಸಿನದು ಲೆಕ್ಕದ ಟೀಚರಿಗೆ ಹೇಳಿ ಮಾಡಿಸಿದ ವಿಷಯ. ಟೆಕ್ಸಸ್‌ನಲ್ಲಿ ಆಗ ಒಂದು ಮಗುವಿಗೆ ಮೂಲ ಲೆಕ್ಕ ವರ್ಷಕ್ಕೆ 6,160 ಡಾಲರ್. ಆದರೆ ಆ ಹಣ ದಾಖಲಾದ ಮಕ್ಕಳ ಲೆಕ್ಕಕ್ಕೆ ಬರುವುದಿಲ್ಲ, ಹಾಜರಾದ ಮಕ್ಕಳ ಸರಾಸರಿಗೆ ಬರುತ್ತದೆ. ನೂರ ಎಪ್ಪತ್ತೈದು ದಿನ ಅಂತ ಇಟ್ಟುಕೊಂಡರೆ, ಒಂದು ಮಗು ಒಂದು ದಿನ ತಪ್ಪಿಸಿದರೆ ಸುಮಾರು 35 ಡಾಲರ್ ಹೋಯಿತು. ಪ್ರತಿ ದಿನ ಒಂದು ಗೊತ್ತಾದ ಹೊತ್ತಿಗೆ ಆಫೀಸಿನಿಂದ "ಹಾಜರಿ ಹಾಕಿಲ್ಲ, ಈಗಲೇ ಹಾಕಿ" ಅಂತ ಫೋನ್ ಬರುತ್ತಿತ್ತು. ಆರು ವರ್ಷ ಆ ಫೋನಿಗೆ ಗೊಣಗಿದ್ದೆ. ಅದು ಯಾಕೆ ಅಂತ ಈಗ ಗೊತ್ತಾಯಿತು. ಆ ಹೊತ್ತಲ್ಲಿ ಕೂತಿರುವ ತಲೆಗಳೇ ಲೆಕ್ಕ. ಇನ್ನು 1993ರಿಂದ ಶ್ರೀಮಂತ ಶಾಲಾ ಜಿಲ್ಲೆಗಳು ತಮ್ಮ ಆಸ್ತಿ ತೆರಿಗೆಯಲ್ಲಿ ಒಂದು ಪಾಲನ್ನು ಬಡ ಜಿಲ್ಲೆಗಳಿಗಾಗಿ ಬಿಟ್ಟುಕೊಡಬೇಕು. ಜನ ಅದಕ್ಕೆ ಇಟ್ಟ ಹೆಸರು ರಾಬಿನ್ ಹುಡ್. ನಮ್ಮ ಸಂಘದ ಪಿಕ್‌ನಿಕ್‌ಗಳಲ್ಲಿ ಮನೆ ತೆರಿಗೆ ಮಾತು ಬಂದಾಗ ಎಲ್ಲರೂ ಕೂಗಾಡುತ್ತಾರೆ. ಒಂದೇ ಒಂದು ಸಲ ನಾನು ಎದ್ದು ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೂರನೇ ಕೋರ್ಸ್ ನಡೆಯುವಾಗ, 2022ರ ಮೇ 24ರಂದು ಟೆಕ್ಸಸ್‌ನದೇ ಯುವಾಲ್ಡಿ ಎಂಬ ಊರಿನ ಶಾಲೆಯಲ್ಲಿ ಗುಂಡಿನ ದಾಳಿ ಆಯಿತು. ಶಾಲೆಗೆ ರಜೆ ಕೊಡಲು ಇನ್ನೆರಡು ದಿನ ಇತ್ತು. ಹತ್ತೊಂಬತ್ತು ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ಆ ವಾರ ನಮ್ಮ ಕೋರ್ಸಿನಲ್ಲಿ ಯಾರೂ ಪೋಸ್ಟ್ ಬರೆಯಲಿಲ್ಲ. ಪ್ರೊಫೆಸರ್ ಗಡುವನ್ನೇ ತೆಗೆದುಬಿಟ್ಟರು. ಪಶ್ಚಿಮ ಟೆಕ್ಸಸ್‌ನ ಸಣ್ಣ ಊರಿನ ಒಬ್ಬ ಸಹಪಾಠಿ ಕೋರ್ಸ್ ಬಿಟ್ಟರು. ಆ ಜವಾಬ್ದಾರಿ ನನ್ನ ಕೈಲಿ ಆಗಲ್ಲ, ಕ್ಲಾಸಿನಲ್ಲೇ ಇರುತ್ತೇನೆ ಅಂತ ಒಂದೇ ಸಾಲು ಬರೆದಿದ್ದರು. ಅದಕ್ಕೆ ನಾನು ಉತ್ತರ ಬರೆಯಲು ಹೋಗಿ ಮೂರು ಸಲ ಅಳಿಸಿದೆ.

2023ರ ಜನವರಿಯಲ್ಲಿ ಪ್ರಾಕ್ಟಿಕಮ್ ಶುರು ಮಾಡಿದಾಗ ನನಗೆ ಕೊಟ್ಟ ಮೊದಲ ಕೆಲಸ ಬಾಗಿಲು ನೋಡುವುದು. ಆ ಶಾಲಾ ವರ್ಷದಿಂದ ವಾರಕ್ಕೊಮ್ಮೆ ಪ್ರತಿಯೊಂದು ಹೊರಬಾಗಿಲನ್ನೂ ಎಳೆದು ನೋಡಿ ದಾಖಲೆ ಇಡಬೇಕು ಅಂತ ರಾಜ್ಯ ಹೇಳಿತ್ತು. ನಮ್ಮ ಶಾಲೆಗೆ ಹೊರಬಾಗಿಲು ಮೂವತ್ತೆಂಟು. ಅಸಿಸ್ಟೆಂಟ್ ಪ್ರಿನ್ಸಿಪಾಲರ ಜೊತೆ ಮಂಗಳವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಹೊರಟರೆ ಮುಗಿಯಲು ನಲವತ್ತು ನಿಮಿಷ. ಹೊರಗಿನಿಂದ ಹಿಡಿ ಎಳೆಯಬೇಕು. ಬಿಟ್ಟಮೇಲೆ ಬಾಗಿಲು ತಾನೇ ಬಂದು ಚಿಲಕ ಕೂರುವ ಸದ್ದು ಕೇಳಬೇಕು. ಬ್ಯಾಂಡ್ ಹಾಲಿನ ಹಿಂದಿನ ಬಾಗಿಲು ಮಾತ್ರ ಪ್ರತಿ ಸಲ ಒಂದು ಇಂಚು ಬಿಟ್ಟೇ ನಿಲ್ಲುತ್ತಿತ್ತು. ಯಾಕೆಂದರೆ ಕೆಳಗೆ ಯಾರೋ ಒಂದು ಸಣ್ಣ ಕಲ್ಲು ಇಟ್ಟಿರುತ್ತಿದ್ದರು, ವಾದ್ಯ ಸಾಗಿಸಲು ಅನುಕೂಲ ಅಂತ. ನಾಲ್ಕು ವಾರ ಕಲ್ಲು ತೆಗೆದೆ. ನಾಲ್ಕು ವಾರವೂ ಹೊಸ ಕಲ್ಲು ಬಂತು. ಐದನೇ ವಾರ ಬ್ಯಾಂಡ್ ಮೇಷ್ಟ್ರ ಹತ್ತಿರ ಹೋಗಿ ಒಂದು ಕಾಫಿ ಕುಡಿದೆ. ಕಲ್ಲು ನಿಂತಿತು. ಅಪ್ಪನ ಶಾಲೆಗೆ ಕಾಂಪೌಂಡೇ ಇರಲಿಲ್ಲ. ಪಾಠ ನಡೆಯುವಾಗ ಎಮ್ಮೆ ಬಂದು ಕಿಟಕಿಯಲ್ಲಿ ಮುಖ ಇಡುತ್ತಿತ್ತು.

ಈ ಪ್ರಾಕ್ಟಿಕಮ್ ಬಗ್ಗೆ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಆನ್‌ಲೈನ್ ಯೂನಿವರ್ಸಿಟಿ ಪಾಠ ಕೊಡುತ್ತದೆ, ಶಾಲೆ ಕೊಡುವುದಿಲ್ಲ. ಗುರು ಯಾರು ಅಂತ ನೀವೇ ಹುಡುಕಿಕೊಳ್ಳಬೇಕು. ಸಾಮಾನ್ಯವಾಗಿ ಅದು ನಿಮ್ಮದೇ ಪ್ರಿನ್ಸಿಪಾಲ್. ನನ್ನ ಪ್ರಿನ್ಸಿಪಾಲ್ ಒಳ್ಳೆಯವರು, ಖುಷಿಯಿಂದ ಒಪ್ಪಿದ್ದರು. ಮಾರ್ಚ್ ಹೊತ್ತಿಗೆ ಅವರಿಗೆ ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿ ಹೊರಟರು. ನನ್ನ ಪುಸ್ತಕದಲ್ಲಿ ಅಷ್ಟರಲ್ಲಿ 62 ಗಂಟೆ ಆಗಿತ್ತು, ಸಹಿ ಆಗಿದ್ದು ಬರೀ 20ಕ್ಕೆ. ತಿಂಗಳ ಕೊನೆಗೆ ಒಟ್ಟಿಗೆ ಹಾಕೋಣ ಅಂದುಕೊಂಡದ್ದು ನನ್ನದೇ ದಡ್ಡತನ. ಹೊಸದಾಗಿ ಬಂದವರು, "ನಾನು ನೋಡದ ಗಂಟೆಗೆ ಸಹಿ ಹಾಕಲಾರೆ" ಅಂದರು. ಅವರದ್ದೂ ತಪ್ಪಲ್ಲ. ಯೂನಿವರ್ಸಿಟಿಗೆ ಬರೆದರೆ, "ನಿಮ್ಮ ಮೇಲ್ ತಲುಪಿದೆ, ಮೂರು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ" ಅಂತ ಮೂರು ವಾರ ಬಂತು. ಎದುರಿಗೆ ಒಂದು ಕಿಟಕಿ, ಒಬ್ಬ ಗುಮಾಸ್ತ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಕೊನೆಗೆ ಹಳೆಯ ಪ್ರಿನ್ಸಿಪಾಲರ ಹೊಸ ಆಫೀಸು ಹುಡುಕಿಕೊಂಡು ಐವತ್ತು ಮೈಲಿ ಹೋಗಿ, ಹೊರಗೆ ಕಾದು ಕೂತು, 42 ಗಂಟೆಗೂ ಸಹಿ ಹಾಕಿಸಿಕೊಂಡು ಬಂದೆ. ಇದನ್ನು ಓದುವ ಯಾರಾದರೂ ಪ್ರಾಕ್ಟಿಕಮ್ ಮಾಡುವವರಿದ್ದರೆ, ಪ್ರತಿ ಶುಕ್ರವಾರ ಸಹಿ ಹಾಕಿಸಿಕೊಳ್ಳಿ.

ಆ ಹಳೆಯ ಪ್ರಿನ್ಸಿಪಾಲರಿಂದ ಕಲಿತ ಒಂದು ವಿಷಯ ಯಾವ ಕೋರ್ಸಿನಲ್ಲೂ ಇರಲಿಲ್ಲ. ಇಲ್ಲಿ ವಿಶೇಷ ಅಗತ್ಯವಿರುವ ಮಗುವಿಗೆ ಏನೇನು ಕಲಿಸಬೇಕು ಅಂತ ತೀರ್ಮಾನಿಸಲು ಒಂದು ಸಭೆ ನಡೆಯುತ್ತದೆ. ಟೆಕ್ಸಸ್‌ನಲ್ಲಿ ಅದಕ್ಕೆ ಎಆರ್‌ಡಿ ಅಂತಾರೆ, ಬಾಯಲ್ಲಿ "ಆರ್ಡ್". ತಂದೆತಾಯಿ ಅದರ ಸದಸ್ಯರೇ, ಅತಿಥಿಗಳಲ್ಲ. ಆದರೆ ನೋಡಲು ಹೇಗಿರುತ್ತದೆ ಅಂದರೆ, ಉದ್ದದ ಟೇಬಲ್, ಒಂದು ಕಡೆ ಟೀಚರು, ಮನಶ್ಶಾಸ್ತ್ರಜ್ಞೆ, ಮಾತಿನ ಥೆರಪಿಸ್ಟು, ದುಭಾಷಿ ಎಲ್ಲ ಸೇರಿ ಎಂಟು ಜನ. ಇನ್ನೊಂದು ಕಡೆ ಕೆಲಸದ ಯೂನಿಫಾರ್ಮಿನಲ್ಲೇ ಬಂದ ಒಬ್ಬ ತಾಯಿ. ಆಕೆಗೆ ಬರುವುದು ಸ್ಪ್ಯಾನಿಷ್ ಮಾತ್ರ. ಪ್ರಿನ್ಸಿಪಾಲ್ ಒಳಗೆ ಬಂದರು. ತನ್ನ ಕುರ್ಚಿ ಎತ್ತಿಕೊಂಡು ಈ ಕಡೆಯಿಂದ ಆ ಕಡೆಗೆ ಹೋಗಿ ಆ ತಾಯಿಯ ಪಕ್ಕ ಕೂತರು. ಏನೂ ಹೇಳಲಿಲ್ಲ. ಮುಂದಿದ್ದ ಇಪ್ಪತ್ತಾರು ಪುಟದ ಕಾಗದವನ್ನು ಆಕೆ ಓದುತ್ತಿದ್ದ ಪುಟಕ್ಕೇ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿಗೆ ದುಭಾಷಿಯೂ ಎದ್ದು ಆ ಕಡೆಗೆ ಹೋದರು. ಆ ತಾಯಿ ಮೊದಲ ಸಲ ಒಂದು ಪ್ರಶ್ನೆ ಕೇಳಿದರು. ನನ್ನ ಡೈರಿಯಲ್ಲಿ ಆ ದಿನ "ಆರ್ಡ್ ಸಭೆ, ಒಂದೂವರೆ ಗಂಟೆ" ಅಂತ ಬರೆದಿದ್ದೇನೆ.

ಈಗ ಫುಟ್‌ಬಾಲ್ ಕೋಚ್ ಬರೆದ ಸಾಲಿನ ವಿಷಯಕ್ಕೆ ಬರುತ್ತೇನೆ.

ಪ್ರಿನ್ಸಿಪಾಲ್ ಆಗುವವರು ಇನ್ನೊಬ್ಬರ ಕ್ಲಾಸಿನಲ್ಲಿ ಹಿಂದೆ ಕೂತು ನೋಡಲು ಕಲಿಯಬೇಕು. ಟೆಕ್ಸಸ್‌ನಲ್ಲಿ ಟೀಚರುಗಳನ್ನು ಅಳೆಯುವ ಪದ್ಧತಿಗೆ ಟಿ-ಟೆಸ್ ಅಂತ ಹೆಸರು. ಹದಿನಾರು ಅಂಶ, ಐದು ಮಟ್ಟ. ನಲವತ್ತೈದು ನಿಮಿಷ ಕೂತು ಟೀಚರ್ ಆಡಿದ ಮಾತು, ಮಕ್ಕಳು ಆಡಿದ ಮಾತು, ಎಲ್ಲವನ್ನೂ ಬರೆದುಕೊಳ್ಳಬೇಕು. "ಚೆನ್ನಾಗಿತ್ತು", "ಗಲಾಟೆ ಜಾಸ್ತಿ" ಅಂತೆಲ್ಲ ಬರೆಯುವ ಹಾಗಿಲ್ಲ. ಕೇಳಿದ್ದು, ಕಂಡದ್ದು ಮಾತ್ರ. ಆಮೇಲೆ ಟೀಚರ್ ಜೊತೆ ಕೂತು ಮಾತಾಡಬೇಕು. ಒಂದು ಒಳ್ಳೆಯ ಅಂಶ, ತಿದ್ದಿಕೊಳ್ಳಬೇಕಾದ ಒಂದು ಅಂಶ. ಎರಡೇ.

ನಾನು ಕೂತದ್ದು ಮೊದಲ ವರ್ಷದ ಒಬ್ಬ ಟೀಚರ್ ಕ್ಲಾಸಿನಲ್ಲಿ. ಏಳನೇ ಕ್ಲಾಸು, ಅನುಪಾತದ ಪಾಠ. ಚುರುಕು ಹುಡುಗಿ, ಮಕ್ಕಳಿಗೆ ಇಷ್ಟ. ಬರೆದುಕೊಂಡದ್ದನ್ನು ಮನೆಗೆ ಬಂದು ಎಣಿಸಿದೆ. ಅವಳು ಕೇಳಿದ ಪ್ರಶ್ನೆ 41. ಅದರಲ್ಲಿ 29ಕ್ಕೆ ಅವಳೇ ಉತ್ತರ ಹೇಳಿದ್ದಳು. "ಹಾಗಾದ್ರೆ ಇಲ್ಲಿ ಎಷ್ಟು ಬರುತ್ತೆ? ಹನ್ನೆರಡು, ಅಲ್ವಾ?" ಉಸಿರು ತೆಗೆದುಕೊಳ್ಳುವ ಹೊತ್ತೂ ಮಕ್ಕಳಿಗೆ ಸಿಗುತ್ತಿರಲಿಲ್ಲ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ಇದನ್ನೇ ಅಳೆದಿದ್ದರು. ಪ್ರಶ್ನೆ ಕೇಳಿದ ಟೀಚರುಗಳು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡು ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ.

ನನಗೆ ಖುಷಿಯೋ ಖುಷಿ. ಎಷ್ಟು ಚೆನ್ನಾಗಿ ಹಿಡಿದೆ ಅಂತ. ಅವಳ ಜೊತೆ ಕೂತು ಮಾತಾಡಿದ್ದನ್ನು ವಿಡಿಯೋ ಮಾಡಿ ಯೂನಿವರ್ಸಿಟಿಯ ಮೇಲ್ವಿಚಾರಕಿಗೆ ಕಳಿಸಿದೆ. ಅವರು ನಿವೃತ್ತ ಪ್ರಿನ್ಸಿಪಾಲ್. ಮೂವತ್ತು ವರ್ಷ ಶಾಲೆ ನಡೆಸಿದವರು. ಜೂಮ್‌ನಲ್ಲಿ ಯಾವಾಗಲೂ ಅವರ ಹಿಂದೆ ಒಂದು ಬೆಕ್ಕು ಮಲಗಿರುತ್ತಿತ್ತು. ವಿಡಿಯೋ ಮುಗಿದಮೇಲೆ ಅವರು ಕೇಳಿದ್ದು ಒಂದೇ. "ಇದು ಇಪ್ಪತ್ತೈದು ನಿಮಿಷದ ಮಾತುಕತೆ. ಅದರಲ್ಲಿ ಆಕೆ ಎಷ್ಟು ನಿಮಿಷ ಮಾತಾಡಿದಳು?"

ಮತ್ತೆ ಹಾಕಿ ನೋಡಿದೆ. ಗಡಿಯಾರ ಹಿಡಿದು ನೋಡಿದೆ. ನಾಲ್ಕು ನಿಮಿಷ. ಉಳಿದ ಇಪ್ಪತ್ತೊಂದು ನಿಮಿಷ ನಾನೇ. "ಯಾಕೆ ಹೀಗಾಯಿತು ಅಂತ ನಿನಗೆ ಅನ್ನಿಸುತ್ತೆ?" ಅಂತ ಕೇಳಿ, ಅವಳು ಬಾಯಿ ತೆರೆಯುವಷ್ಟರಲ್ಲಿ "ನನಗನ್ನಿಸುತ್ತೆ..." ಅಂತ ಶುರು ಮಾಡಿದ್ದೆ. ಅದೂ ಒಂದು ಸಲ ಅಲ್ಲ, ಆರು ಸಲ. ಕಾಯುವುದರ ಬಗ್ಗೆ ಭಾಷಣ ಮಾಡುತ್ತಾ ಒಂದು ಸೆಕೆಂಡೂ ಕಾದಿರಲಿಲ್ಲ. ವಿಡಿಯೋ ನೋಡುವುದು, ಬಯ್ಯದೆ ಒಂದೇ ತಪ್ಪು ತೋರಿಸುವುದು ಅಂತ ಕೋಚ್ ಬರೆದ ಸಾಲು ನೆನಪಾದದ್ದು ಆಗ. ಆ ಹುಡುಗಿಯ ಮುಖ ವಿಡಿಯೋದಲ್ಲಿ ಈಗಲೂ ಇದೆ. ತಲೆ ಆಡಿಸುತ್ತಾ ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದಾಳೆ.

ಎರಡನೇ ಸಲ ಹೋದಾಗ ನನ್ನ ನೋಟ್‌ಬುಕ್ಕಿನ ತುದಿಯಲ್ಲಿ ಕನ್ನಡದಲ್ಲಿ "ಬಾಯಿ ಮುಚ್ಚು" ಅಂತ ಬರೆದುಕೊಂಡಿದ್ದೆ. ಯಾರಿಗೂ ಓದಲು ಬರುವುದಿಲ್ಲ ಅನ್ನುವ ಧೈರ್ಯ. ನಾನು ಬರೆದುಕೊಂಡ ಹಾಳೆಗಳನ್ನು ಅವಳ ಮುಂದೆ ಇಟ್ಟೆ. "ಏನು ಕಾಣುತ್ತೆ?" ಅಂದೆ. ಮನಸ್ಸಿನಲ್ಲಿ ಎಣಿಸಲು ಶುರು ಮಾಡಿದೆ, ಒಂದು, ಎರಡು, ಮೂರು. ಏಳರ ಹೊತ್ತಿಗೆ ನನ್ನ ಬೆನ್ನು ಬೆವರಿತ್ತು. ಎದುರಿಗೆ ಕೂತವರು ಸುಮ್ಮನಿದ್ದರೆ ಏನಾದರೂ ಹೇಳಿ ಕಾಪಾಡಬೇಕು ಅನ್ನುವುದು ನಮ್ಮ ರಕ್ತದಲ್ಲೇ ಇದೆಯೇನೋ. ಹನ್ನೊಂದು ಆಯಿತು. ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಈ ಹುಡುಗ ಕೈ ಎತ್ತಿದ್ದ, ನಾನು ಉತ್ತರ ಹೇಳಿಬಿಟ್ಟೆ" ಅಂದಳು. ಆಮೇಲೆ ಕೆಳಗಿನ ಸಾಲು. ಆಮೇಲೆ ಇನ್ನೊಂದು. ನಾನು ಹೇಳಬೇಕೆಂದಿದ್ದನ್ನೆಲ್ಲ ಅವಳೇ ಹೇಳಿದಳು, ನನಗೆ ಹೊಳೆಯದೇ ಇದ್ದದ್ದನ್ನೂ ಹೇಳಿದಳು. ಉತ್ತರ ತಡವಾದರೆ, ಮಕ್ಕಳಿಗೆ ತನ್ನ ಪಾಠ ಅರ್ಥವಾಗಿಲ್ಲ ಅಂತ ಅವಳಿಗೆ ಭಯವಾಗುತ್ತದಂತೆ. ಅದಕ್ಕೇ ತಾನೇ ಹೇಳಿಬಿಡುವುದಂತೆ.

ಹದಿನೈದು ನಿಮಿಷಕ್ಕೆ ಮುಗಿಯಿತು. ನಾನು ಮಾತಾಡಿದ್ದು ಮೂರು ನಿಮಿಷ ಇರಬಹುದು.

368 ಅನ್ನುವುದು ಪರೀಕ್ಷೆ ಅಂದರೆ ಪರೀಕ್ಷೆ ಅಲ್ಲ. ಶಾಲೆಯಲ್ಲಿ ಮೂರು ಕೆಲಸ ಮಾಡಿ, ಅದರ ಬಗ್ಗೆ ಬರೆದು, ಸಾಕ್ಷಿ ಸಮೇತ ಕಳಿಸಬೇಕು. ಒಂದು, ಕಲಿಕೆಗೆ ಅಡ್ಡಿಯಾದ ಒಂದು ಸಮಸ್ಯೆ ಹಿಡಿದು ಬಿಡಿಸುವುದು. ಎರಡು, ಟೀಚರುಗಳಿಗೆ ತರಬೇತಿ ನಡೆಸಿ ಅದು ಕ್ಲಾಸಿಗೆ ಇಳಿಯಿತೇ ಅಂತ ಬೆನ್ನುಹತ್ತುವುದು. ಮೂರು, ಒಂದು ತಂಡ ಕಟ್ಟುವುದು. ಮೂರನೆಯದಕ್ಕೆ ಹದಿನೈದು ನಿಮಿಷದ ವಿಡಿಯೋ ಬೇಕು. ವಿಡಿಯೋದಲ್ಲಿ ಬರುವ ಪ್ರತಿಯೊಬ್ಬರದ್ದೂ ಒಪ್ಪಿಗೆ ಸಹಿ ಬೇಕು. ನನ್ನ ತಂಡದಲ್ಲಿ ಒಬ್ಬರು ಸಹಿ ಹಾಕಲ್ಲ ಅಂದರು. ಅವರನ್ನು ಬಿಟ್ಟು ತಂಡ ಇಲ್ಲ. ಕ್ಯಾಮೆರಾವನ್ನು ಪುಸ್ತಕದ ಕಪಾಟಿನ ಮೇಲೆ ಓರೆಯಾಗಿಟ್ಟು, ಅವರ ಕುರ್ಚಿ ಚೌಕಟ್ಟಿನ ಹೊರಗೆ ಬರುವ ಹಾಗೆ ನೋಡಿಕೊಂಡೆ. ಎಲ್ಲರಿಗಿಂತ ಒಳ್ಳೆಯ ಸಲಹೆ ಕೊಟ್ಟವರು ಅವರೇ. ವಿಡಿಯೋದಲ್ಲಿ ಎಲ್ಲರೂ ಖಾಲಿ ಗೋಡೆ ಕಡೆ ನೋಡಿ ತಲೆಯಾಡಿಸುತ್ತಿರುವ ಹಾಗೆ ಕಾಣುತ್ತದೆ. ಆ ವರ್ಷದ ಯುಗಾದಿ ನಾಟಕಕ್ಕೂ ಹೋಗಲಿಲ್ಲ, ಇದನ್ನು ಬರೆಯುತ್ತಾ ಕೂತಿದ್ದೆ. ಪಾಸಾಯಿತು.

268ರಲ್ಲಿ ಮೊದಲ ಸಲ ಫೇಲಾದೆ. 70 ಆಯ್ಕೆಯ ಪ್ರಶ್ನೆ, 4 ಬರೆಯುವ ಪ್ರಶ್ನೆ, ಒಟ್ಟು ಐದು ಗಂಟೆ. ಪಾಸಾಗಲು 240 ಬೇಕು, ನನಗೆ ಬಂದದ್ದು 236. ಬರೆಯುವ ಪ್ರಶ್ನೆಯ ಜೊತೆ ಒಂದು ಶಾಲೆಯ ಅಂಕಿಅಂಶದ ಕಾಗದಗಳ ಕಟ್ಟು ಕೊಡುತ್ತಾರೆ. ಲೆಕ್ಕದ ಟೀಚರ್ ನೋಡಿ, ಪ್ರತಿ ಕಾಲಮ್ಮನ್ನೂ ಕೂಡಿ ಕಳೆದು ಕೂತೆ. ನಾಲ್ಕನೇ ಉತ್ತರ ಅರ್ಧ ಬರೆಯುವಾಗ ಪರದೆ ಮುಚ್ಚಿತು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಸಾರು ಮಾಡಿ, ಪಾತ್ರೆ ತೊಳೆದು, ಆಮೇಲೆ ಗ್ಯಾರೇಜಿನಲ್ಲಿ ಕಾರೊಳಗೆ ಕೂತು ಅತ್ತೆ. ಐದು ಸಲಕ್ಕಿಂತ ಜಾಸ್ತಿ ಬರೆಯಲು ಬಿಡುವುದಿಲ್ಲ. ನನ್ನ ಲೆಕ್ಕದ ತಲೆ ಆಗಲೇ "ಇನ್ನು ನಾಲ್ಕು" ಅಂತ ಹೇಳಿತ್ತು. ಎರಡನೇ ಸಲ ಬರೆಯುವ ಪ್ರಶ್ನೆಗಳಿಗೆ ಕೈಗಡಿಯಾರದಂತೆ ಸಮಯ ಹಂಚಿಕೊಂಡೆ. 251 ಬಂತು.

ಸರ್ಟಿಫಿಕೇಟ್ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಕೆಲಸ ಸಿಕ್ಕಿದ್ದು 2024ರ ಜುಲೈನಲ್ಲಿ. ನಡುವೆ ಹನ್ನೊಂದು ಅರ್ಜಿ, ನಾಲ್ಕು ಸಂದರ್ಶನ. ಒಂದು ಕಡೆ ನನ್ನ ಉಚ್ಚಾರಣೆ ಪೋಷಕರಿಗೆ ಅರ್ಥವಾಗುತ್ತದೆಯೇ ಅಂತ ಸುತ್ತಿ ಬಳಸಿ ಕೇಳಿದರು. ಎಂಟು ವರ್ಷದಿಂದ ಮಕ್ಕಳಿಗೆ ಅರ್ಥವಾಗಿದೆ ಅಂದೆ. ಆ ಕೆಲಸ ಸಿಗಲಿಲ್ಲ. ನಾಲ್ಕನೇ ಕಡೆ ಪ್ರಿನ್ಸಿಪಾಲ್ ಒಂದು ಪ್ರಶ್ನೆ ಕೇಳಿದರು. ನಾನು ತಕ್ಷಣ ಉತ್ತರ ಹೇಳದೆ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಅಲ್ಲೇ ನನಗೆ ಇವರ ಜೊತೆ ಕೆಲಸ ಮಾಡಬಹುದು ಅನ್ನಿಸಿತು.

ಈಗ ಸಾವಿರದ ಮೇಲೆ ಮಕ್ಕಳಿರುವ ಮಿಡ್ಲ್ ಸ್ಕೂಲಿನಲ್ಲಿ ಏಳನೇ ಕ್ಲಾಸಿನ ಅಸಿಸ್ಟೆಂಟ್ ಪ್ರಿನ್ಸಿಪಾಲ್. ಹೊರಬಾಗಿಲು ನಲವತ್ತೆರಡು. ಮೊದಲ ದಿನ ನನಗೆ ಕೊಟ್ಟದ್ದು ಒಂದು ವಾಕಿ-ಟಾಕಿ, ಬೀಗದ ಕೈಗಳ ಒಂದು ಗೊಂಚಲು, ಕಾರಿನಲ್ಲಿ ಮಕ್ಕಳನ್ನು ಬಿಡುವ ಸಾಲಿನಲ್ಲಿ ನಿಲ್ಲಲು ಒಂದು ಕಿತ್ತಳೆ ಬಣ್ಣದ ಜಾಕೆಟ್ಟು. ಮೂರಕ್ಕೂ ಸಹಿ ಹಾಕಿಸಿಕೊಂಡರು. ಆ ಸಂಜೆ ಜಾಕೆಟ್ ಬಿಚ್ಚದೆಯೇ ಅಪ್ಪನಿಗೆ ಕಾಲ್ ಮಾಡಿದೆ. ಊರಲ್ಲಿ ಆಗಿನ್ನೂ ಬೆಳಿಗ್ಗೆ. ಅಪ್ಪ ಕನ್ನಡಕ ಹಾಕಿಕೊಂಡು ಫೋನನ್ನು ಮುಖದ ಹತ್ತಿರ ಹಿಡಿದು ನೋಡಿದರು.

"ಇದೇನೇ, ಟ್ರಾಫಿಕ್ ಪೊಲೀಸ್ ಆಗಿದೀಯಾ?"

"ಬೆಳಿಗ್ಗೆ ಅರ್ಧ ಗಂಟೆ, ಸಾಯಂಕಾಲ ಅರ್ಧ ಗಂಟೆ ಅಷ್ಟೇ ಅಪ್ಪಾ."

"ಬೀಗದ ಕೈ ಎಣಿಸ್ಕೊಂಡ್ಯಾ?"

ಎಣಿಸಿರಲಿಲ್ಲ. ಗೊಂಚಲು ತೆಗೆದು ಟೇಬಲ್ ಮೇಲೆ ಹರಡಿ, ಅವರ ಎದುರಿಗೇ ಎಣಿಸಿದೆ. ಹದಿನಾಲ್ಕು ಇತ್ತು. ಕಾಗದದಲ್ಲಿ ಹದಿನೈದು ಅಂತ ಬರೆದಿತ್ತು.